ಪೊರಕೆ ಬೇಡ

ಪೊರಕೆ ಇಳಿಸಿ, ಬುರುಲ್ಚಾ ಅಜ್ಜಿ.
ಗುಡಿಸಿದರೆ ಒಂದು ಹನಿ ನೂರಾಗುತ್ತದೆ,
ನೂರೂ ಉಸಿರಿಗೆ ಹತ್ತುತ್ತವೆ.

ಕಿಟಕಿ ತೆರೆದೆ. ಹೊರಗೆ ಕಿರ್ಗಿಜ್ ಬೆಟ್ಟದ ಹಿಮ,
ಹೊಗೆ ನಿಂತ ಗಣಿಯ ಚಿಮಣಿ.
ಒಲೆ ಆರಿಸಿದ್ದಕ್ಕೆ ಬೈದಳು; ಬೈಯಲಿ.
ನೆಲಕ್ಕೆ ಮುಖ ತಗ್ಗಿಸಿ ಟಾರ್ಚು ಓರೆ ಹಿಡಿದೆ:
ಹಲಗೆಯ ಸಂದಿಯಲ್ಲಿ ಕಣ್ಣು ಬಿಟ್ಟವು
ಒಂದು, ಏಳು, ಆಮೇಲೆ ಎಣಿಸಲಿಲ್ಲ.

ಸಿರಿಂಜಿಗೆ ಸಿಕ್ಕಿದ್ದು ಸೀಸೆಗೆ,
ಸಾಸಿವೆಯಷ್ಟಿದ್ದದ್ದು ಅಂಟುಪಟ್ಟಿಗೆ,
ಉಳಿದದ್ದರ ಮೇಲೆ ಗಂಧಕದ ಹಳದಿ ಪುಡಿ,
ರೊಟ್ಟಿಗೆ ಹಿಟ್ಟು ಉದುರಿಸುವ ಅವಳ ಕೈಯಂತೆಯೇ.

ಕಂಬಳಿ ಕೊಡಿ ಅಂದೆ. ಕೊಡಲಿಲ್ಲ.
ಮದುವೆಗೆ ಮುಂಚೆ ಅವ್ವನ ಜೊತೆ
ತುಳಿದು ತುಳಿದು ಹದಮಾಡಿದ ಉಣ್ಣೆ,
ಟಗರುಕೊಂಬಿನ ಕೆಂಪು ಚಿತ್ತಾರ.
ಕೊನೆಗೆ ತಾನೇ ಸುತ್ತಿ ಕಪ್ಪು ಚೀಲಕ್ಕಿಳಿಸಿದಳು,
ಗಂಟು ಹಾಕುವುದನ್ನು ಮಾತ್ರ ನನಗೆ ಬಿಟ್ಟಳು.

ಮೊಮ್ಮಗ ಎರ್ಮೆಕ್, ನಿಂತಲ್ಲಿ ನಿಲ್ಲದವನು,
ಪಾದರಸವೇ ಅನ್ನಬಹುದಾಗಿದ್ದ ಹುಡುಗ,
ಮೂಲೆಯಲ್ಲಿ ಅಲುಗದೆ ಕೂತಿದ್ದಾನೆ.
ಯಾವ ಬೂಟು ಹಾಕಿದ್ದೆ? ಯಾರ ಮನೆಗೆ ಹೋಗಿದ್ದೆ?
ಬಾಯಿಲ್ಲ.

ಹತ್ತಿರ ಹೋದಂತೆ ಮೀಟರು ಕೂಗಿಕೊಂಡಿತು.
ಮುಷ್ಟಿ ಬಿಚ್ಚಿದ: ಮಾತ್ರೆಯ ಡಬ್ಬಿ,
ಒಳಗೆ ಒದ್ದಾಡುವ ಬೆಳ್ಳಿ.
‘ಅರ್ಧ ಜಿಬೆಕ್‌ಗೆ ಕೊಟ್ಟೆ.’

ಕೈಗವಸು ಬದಲಿಸಿ ಪಕ್ಕದಂಗಳಕ್ಕೆ ಓಡಿದೆ.
ಮುಚ್ಚಿದ ಬಾಗಿಲಿನ ಹಿಂದೆ
ಯಾರೋ ಚೊಕ್ಕಟವಾಗಿ
ಗುಡಿಸುತ್ತಿದ್ದರು.