ವರ್ಷಕ್ಕೊಂದು ಮಿಲಿಮೀಟರ್

ನಾನು ಹಾವಸೆ ಅಳೆಯುವವಳು.
ಹಾಗೆಂದರೆ ಟಾರ್ಟುವಿನ ಬಸ್ಸಿನಲ್ಲಿ ಪಕ್ಕದವರು
ಮರ್ಯಾದೆಗೆ ತಲೆಯಾಡಿಸಿ ಕಿಟಕಿಗೆ ತಿರುಗುತ್ತಾರೆ.
ನನ್ನ ಪ್ರಬಂಧ ಓದಿದವರು ಹನ್ನೊಂದು ಮಂದಿ.
ಅವರಲ್ಲಿ ಇಬ್ಬರು ಓದಲೇಬೇಕಾಗಿತ್ತು.

ಚಿಕ್ಕಮ್ಮ ಹೆಲ್ಗಿ ಒಮ್ಮೆ ಕೇಳಿದ್ದಳು:
"ದಿನವಿಡೀ ಆ ಜೌಗಿನಲ್ಲಿ ಮಾಡೋದಾದರೂ ಏನೇ?"
ಬಾಯಿ ತೆರೆದೆ. ಬಂದದ್ದು
ಹದಿನಾಲ್ಕು ಅಕ್ಷರದ ಲ್ಯಾಟಿನ್ ಹೆಸರು.
ಅವಳು ಸೂಪಿಗೆ ಉಪ್ಪು ತರಲು ಎದ್ದು ಹೋದಳು.

ಅಳೆದೂ ಸುರಿದೂ ಕೊನೆಗೊಂದು ಕ್ಯಾಮೆರಾ ಕೊಂಡೆ.
ಹಲಗೆಹಾದಿ ಮುಗಿಯುವಲ್ಲಿ,
ನನ್ನ ಮೊಣಕಾಲಿಗೂ ಬಾರದ, ಚಿಕ್ಕಮ್ಮನಿಗಿಂತ ಹಿರಿಯ
ಪೈನ್ ಮರದ ಬುಡದಲ್ಲಿ ನೆಟ್ಟೆ.
ಅಂಗೈಯಗಲ ಹಾವಸೆ, ಹಗಲೂ ರಾತ್ರಿ, ನೇರಪ್ರಸಾರ.
ಬೆಳೆಯುತ್ತಿದೆ, ನೋಡಿ.

ಮೊದಲ ದಿನ ಮೂವರು ನೋಡಿದರು.
ಎರಡು ಫೋನು ನನ್ನವೇ.

ಮೂರನೇ ವಾರ ನಾನೂರು.
ನಾರ್ವಾದ ರಾತ್ರಿಪಾಳಿಯ ನರ್ಸ್ ಬರೆದಳು,
"ಏನೂ ಆಗದ್ದನ್ನು ನೋಡುವುದು ಎಷ್ಟು ಹಾಯಿ!"
ಏನೂ ಆಗುತ್ತಿಲ್ಲವೇ?
ಸಿಟ್ಟಿನಲ್ಲಿ ಎರಡು ಪುಟ ಬರೆದೆ,
ಅಳಿಸಿದೆ, ಇಷ್ಟೇ ಉಳಿಸಿದೆ:
"ಎಡಗಡೆ, ಕೆಂಪು ತುದಿಯ ಹತ್ತಿರ,
ಹನಿಯೊಂದು ಎಲೆಯೊಳಗೆ ಇಳಿಯುತ್ತಿದೆ."
ತುಸು ಹೊತ್ತಿನ ಮೇಲೆ ಅವಳು:
"ಹೌದಲ್ಲ."

ಆಮೇಲೆ ನನ್ನ ತಪ್ಪು.
ಹಾವಸೆ ಬೆಳೆಯುವುದು ವರ್ಷಕ್ಕೊಂದು ಮಿಲಿಮೀಟರ್
ಎಂದುಬಿಟ್ಟೆ. ಸಾವಿರಾರು ಜನ ಹಂಚಿಕೊಂಡರು.
ಅಲ್ಲ. ತುದಿ ಬೆರಳುದ್ದವೂ ಚಿಗುರೀತು.
ಸತ್ತು, ಕುಸಿದು, ಒತ್ತಿ, ಕಪ್ಪಾಗಿ
ಕೊನೆಗೆ ಉಳಿಯುವುದು, ಅದು ಮಿಲಿಮೀಟರ್.
ಆಡಿದ ಮಾತು ಒಡೆದ ಮುತ್ತು ಅನ್ನುತ್ತಾರೆ.
ಒಡೆದ ಚೂರನ್ನೇ ಕ್ಯಾಮೆರಾದ ಮುಂದೆ ಹಿಡಿದು
"ನಾನು ತಪ್ಪಿದೆ" ಎಂದೆ. ಕಿವಿ ಬಿಸಿಯಾಗಿತ್ತು.
ಹಂಚಿಕೊಂಡವರು ನಲವತ್ತಾರು.

ಆ ನಲವತ್ತಾರರಲ್ಲಿ ಒಬ್ಬ ಅರ್ವೆಟ್.
ಜೌಗಿನ ಆಚೆ ಅಂಚಿನ ಕಂಪನಿಯಲ್ಲಿ
ಅಗೆಯುವ ಯಂತ್ರ ಓಡಿಸುವವನು, ಇಪ್ಪತ್ತೆರಡು ವರ್ಷದಿಂದ.
ಕೇಳಿದ: "ನನ್ನ ಬಕೆಟ್ಟು ಒಂದು ಸಲಕ್ಕೆ
ನಲವತ್ತು ಸೆಂಟಿಮೀಟರ್ ಕಚ್ಚುತ್ತದೆ. ಎಷ್ಟು ವರ್ಷ?"

ಮಗು ಮಾಡುವ ಲೆಕ್ಕ.
ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು.
ಸಂಖ್ಯೆಯ ಹಿಂದೆ ಒಂದು ಬೈಗುಳ ನುಸುಳದಂತೆ,
ಮುಂದೊಂದು ಸಮಾಧಾನ ಬಾಲ ಅಲ್ಲಾಡಿಸದಂತೆ
ಬರೆಯುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.
"ಸುಮಾರು ನಾನೂರು" ಎಂದೆ.
"ಸುಮಾರು" ಯಾಕೆಂದೂ ಹೇಳಿದೆ.

ಅವನು ಸುಮ್ಮನಾದ. ಹನ್ನೆರಡು ದಿನ.
ನಾನು ಹಾವಸೆ ನೋಡುವುದು ಬಿಟ್ಟು
ಅವನ ಹೆಸರಿನ ಪಕ್ಕದ ಬೂದು ಚುಕ್ಕೆ ನೋಡುತ್ತಿದ್ದೆ.

ಹದಿಮೂರನೇ ದಿನ ಒಂದು ಚಿತ್ರ ಬಂತು:
ಕಡಿದ ಕಂದು ಗೋಡೆ, ಗ್ರೀಸು ಹತ್ತಿದ ಬೆರಳು,
ಬೆರಳ ತುದಿಯಲ್ಲಿ ದಾರದಷ್ಟು ಕಪ್ಪು ಗೆರೆ.
"ಇದೇನು?"

ರಬ್ಬರ್ ಬೂಟು ಹಾಕಿಕೊಂಡು ಹೋದೆ.
ಇದ್ದಿಲು, ಎಂದೆ. ಎಂದೋ ಬೆಂಕಿ ಬಿದ್ದಿದೆ.
ಸಿಡಿಲೋ, ಮನುಷ್ಯರೋ, ಗೊತ್ತಿಲ್ಲ.
ಪ್ರಯೋಗಾಲಯದ ಸಾಲು ಉದ್ದ, ಏಳು ತಿಂಗಳು.
"ಇದು ಇಷ್ಟು ದಿನ ಕಾದಿದೆ," ಎಂದ ಅವನು,
ಕಾಫಿಯ ಫ್ಲಾಸ್ಕಿನ ಮುಚ್ಚಳ ನನಗೆ ಕೊಟ್ಟು
ತಾನು ಬಾಟಲಿಯಿಂದಲೇ ಕುಡಿದ.

ಅವನು ಕೆಲಸ ಬಿಟ್ಟಿಲ್ಲ. ಬಿಡು ಅಂತ ನಾನೂ ಅಂದಿಲ್ಲ.
ಕಂತಿದೆ, ಮಗಳ ಹಲ್ಲಿಗೆ ತಂತಿ ಕಟ್ಟಿಸುವುದಿದೆ.
ಆದರೆ ಗೆರೆ ಕಂಡಲ್ಲಿ ಎಂಜಿನ್ ಆರಿಸಿ ಇಳಿಯುತ್ತಾನೆ.
ಮೇಲ್ವಿಚಾರಕ ಗಡಿಯಾರ ನೋಡುತ್ತಾನೆ.
ಸಂಜೆ ನನ್ನ ಫೋನಿಗೆ ಒಂದೇ ಸಾಲು:
"ಇಂದು ಒಂದೂವರೆ ಮೀಟರ್. ಸುಮಾರು ಸಾವಿರದೈನೂರು."

ಆ "ಸುಮಾರು" ಅವನದೇ ಈಗ.
ಒಮ್ಮೆಯೂ ಮರೆಯುವುದಿಲ್ಲ.