ಬುಧವಾರ, ಹನ್ನೊಂದು ಗಂಟೆ

ಸರ್ವೆಗೆ ಬಂದ ಹುಡುಗಿ ಬಾಗಿಲಲ್ಲೇ ನಕ್ಕಳು:
'ಪುಣ್ಯ, ಎಲ್ಲರೂ ಮನೇಲೇ ಇದೀರಿ.
ಬೇರೆ ಕಡೆ ಮೂರು ಮೂರು ಸಲ ಅಲೀಬೇಕು.'

ಇದ್ದೇವೆ.
ಚಿಕ್ಕಮಗಳೂರಿನ ಈ ಗಲ್ಲಿಯಲ್ಲಿ ಬುಧವಾರ ಹನ್ನೊಂದಕ್ಕೆ
ದೊಡ್ಡವರ ನಾಲ್ಕು ಜೊತೆ ಚಪ್ಪಲಿ ಹೊಸ್ತಿಲ ಹೊರಗಿರುವುದು
ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ,
ಆಮೇಲೆ ನಮ್ಮಲ್ಲಿ.

ಅವಳ ಟ್ಯಾಬಿನಲ್ಲೊಂದು ಕಲಂ: ಉದ್ಯೋಗ.
ಇಲ್ಲದಿದ್ದರೆ ಕಾರಣ. ಒಂದನ್ನು ಮಾತ್ರ ಒತ್ತಬೇಕು.

ಅಮ್ಮನ ಹೆಸರು ಹೂವಮ್ಮ. ಇಪ್ಪತ್ತಾರು ವರ್ಷ
ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಲು ಮಡಿಸಿ ಕೂತು
ಕಪ್ಪು ಕಾಳು, ಒಡಕು ಕಾಳು ಆರಿಸಿದವಳು.
ಈಗಲ್ಲಿ ಯಂತ್ರವಿದೆಯಂತೆ, ಅದಕ್ಕೆ ಕಣ್ಣಿದೆಯಂತೆ,
ಕಪ್ಪು ಕಂಡರೆ ಉಫ್ ಎಂದು ಊದಿ ಆಚೆ ಹಾಕುತ್ತದಂತೆ.
ಹಾಸ್ಟೆಲ್ಲಿನ ಅಡುಗೆಗೆ ಹೋದಳು.
ಹಾಜರಿಗೆ ಹೆಬ್ಬೆರಳು ಒತ್ತು ಎಂದರು.
ಒತ್ತಿದಳು. ಸೆರಗಿಗೆ ಒರೆಸಿ ಒತ್ತಿದಳು. ನಿಂಬೆಹೋಳು ಉಜ್ಜಿ ಒತ್ತಿದಳು.
ಗೆರೆಗಳೆಲ್ಲ ಕಾಳಿನ ಜೊತೆ ಮೂಟೆ ಸೇರಿ
ಹಡಗು ಹತ್ತಿ ಎಷ್ಟು ಕಾಲವಾಯಿತೋ.

ಧರ್ಮೇಶಣ್ಣ ಡ್ರೈವರು. ಲೈಸೆನ್ಸು ಮುಗಿದಿದೆ.
ಮಾಡಿಸಲು ದುಡ್ಡು ಬೇಕು, ದುಡ್ಡಿಗೆ ಗಾಡಿ ಓಡಿಸಬೇಕು.
ಇದನ್ನವನು ಒಗಟಿನ ಹಾಗೆ ಕೇಳಿ
ಯಾರೂ ಬಾಯಿ ತೆರೆಯುವ ಮೊದಲೇ ತಾನೇ ನಗುತ್ತಾನೆ.

ಅತ್ತಿಗೆಗೆ ಅಂಬಳೆಯ ಫ್ಯಾಕ್ಟರಿಯಲ್ಲಿ ಸಿಕ್ಕಿತ್ತು.
ಶಿಫ್ಟು ಏಳಕ್ಕೆ. ಅಂಗನವಾಡಿ ಒಂಬತ್ತೂವರೆಗೆ.
'ನಡುವೆ ಮಗೂನ ಯಾವ ಮೊಳೆಗೆ ನೇತುಹಾಕಲಿ?'
ಅತ್ತೆ ಇದ್ದಾರಲ್ಲ ಅನ್ನುತ್ತಾರೆ.
ಅತ್ತೆಯೂ ಆರಕ್ಕೇ ಎದ್ದು ಕೂಲಿ ಜೀಪು ಕಾಯಲು ಹೋಗುತ್ತಾಳೆ,
'ವಯಸ್ಸಾಯ್ತು, ಇಳಿಯಮ್ಮ' ಅನ್ನಿಸಿಕೊಂಡು
ಹತ್ತಕ್ಕೆ ಬರಿಗೈಲಿ ಬರುತ್ತಾಳೆ.

ನಾನು ಬಿ.ಕಾಂ. ಒಂದು ಅಂಗಡಿಯ ಲೆಕ್ಕ ಬರೆಯಲು ಕೇಳಿದ್ದೆ.
ಯಾವ ಬೀದಿ ಅಂದರು. ಹೇಳಿದೆ.
ಫೋನ್ ಮಾಡ್ತೀವಿ ಅಂದರು.
ಮನೆಗೆಲ್ಲ ಒಂದೇ ನಂಬರು; ಆ ವಾರ ಅದರ ಕರೆನ್ಸಿ ಮುಗಿದಿತ್ತು.
ಮಾಡಿದರೋ ಇಲ್ಲವೋ.
ಮುಗಿದದ್ದು ಕರೆನ್ಸಿ ಅಂತಲೇ ಇಟ್ಟುಕೊಂಡಿದ್ದೇನೆ.

ಹುಡುಗಿ ಎಲ್ಲರಿಗೂ 'ಇತರೆ' ಒತ್ತಿದಳು.
'ನಿಂಗೆಷ್ಟು ಕೊಡ್ತಾರೆ ಮಗಾ?' ಅಮ್ಮ ಕೇಳಿದಳು.
'ಮನೆಗಿಷ್ಟು ಅಂತ. ಯುಗಾದಿಯಿಂದ ಬಂದಿಲ್ಲ.'
ಅತ್ತಿಗೆ ಬೆಲ್ಲದ ಕಾಫಿ ಕೊಟ್ಟಳು, ಹಾಲಿಲ್ಲದ್ದು.
ಕುಡಿದು, ಚಪ್ಪಲಿ ಮೆಟ್ಟಿ, ಗಲ್ಲಿಯ ತುದಿ ಮುಟ್ಟಿದವಳು
ಟ್ಯಾಬು ನೋಡುತ್ತ ತಿರುಗಿ ಬಂದಳು.
'ನೆಟ್‌ವರ್ಕ್ ಇರ್ಲಿಲ್ಲ, ಒಂದೂ ಸೇವ್ ಆಗಿಲ್ಲ.
ನಾಳೆ ಬರ್ಲಾ? ನಾಳೇನೂ... ಇರ್ತೀರಲ್ಲ?'

ಅಣ್ಣ ನಗಲಿಲ್ಲ.
ಅಮ್ಮ ಮೊರದಲ್ಲಿ ರೇಷನ್ ಅಕ್ಕಿ ಹರವಿಕೊಂಡು
ಒಂದು ಕಲ್ಲನ್ನು
ಊದದೆ, ಎರಡು ಬೆರಳಲ್ಲಿ ಎತ್ತಿ
ಪಕ್ಕಕ್ಕಿಟ್ಟಳು.