ಕತ್ತಲಿನ ಅಳತೆ

ಮೊದಲು ಟೇಪು ಹಿಡಿಯಲು ಕಲಿ ಎಂದಳು ರೈಲಿ.
ಐದು ವರ್ಷ ಓದಿ ಬಂದವಳು ನಾನು, ನಕ್ಕೆ.
ಗೋಡೆಯಿಂದ ಗೋಡೆಗೆ ಅಳೆದೆ:
ನೆಲದ ಬಳಿ ಮುನ್ನೂರ ಹನ್ನೆರಡು,
ಎದೆಮಟ್ಟಕ್ಕೆ ಮುನ್ನೂರ ಒಂಬತ್ತು,
ಸೂರಿನಡಿ ಮುನ್ನೂರ ಆರು.
ಯಾವುದು ನಿಜ ಎಂದು ಕೇಳಿದೆ.
ಮೂರೂ, ಎಂದಳು.
ಬಡಗಿಗೆ ಮಾತ್ರ ಚಿಕ್ಕದನ್ನು ಹೇಳು.

ತಾಂಪೆರೆಯ ಪಿಸ್ಪಾಲಾ ದಿಣ್ಣೆ, ನೂರು ವರ್ಷದ ಮರದ ಮನೆ,
ಎರಡನೇ ಮಹಡಿ, ನಲವತ್ತೊಂದು ಚದರ ಮೀಟರು.
ಅದರೊಳಗೆ ಇಬ್ಬರು, ಎರಡು ಗಡಿಯಾರ.
ಯಾರ್ಮೊ ರಾತ್ರಿಯಿಡೀ ಬೇಕರಿಯಲ್ಲಿ ರೈ ಹಿಟ್ಟು ನಾದುತ್ತಾನೆ,
ಬೆಳಗಾದರೆ ಮಲಗುತ್ತಾನೆ.
ಸತು ಸಂಜೆಯ ಟ್ರಾಮ್ ಓಡಿಸುತ್ತಾಳೆ,
ಬೆಳಗೆಲ್ಲ ಮನೆಯಲ್ಲೇ, ತುದಿಗಾಲಲ್ಲಿ.
ಇಬ್ಬರೂ ಒಂದು ಪತ್ರಿಕೆಯ ಪುಟ ಹರಿದಿಟ್ಟಿದ್ದರು:
ನಡುವೆ ಗೋಡೆಯೇ ಇಲ್ಲದ ಬಯಲು ಮನೆ,
ಬಿಳಿ ಸೋಫಾ, ಒಂದು ನಿಂಬೆಹಣ್ಣು.
ಈ ಗೋಡೆ ತೆಗೆಸಿಬಿಡಿ ಎಂದರು.

ಗೋಡೆಗೆ ಕಿವಿಯಿದೆ ಅನ್ನುತ್ತಾರೆ,
ರೈಲಿ ಗೋಡೆಗೇ ಕಿವಿ ಕೊಟ್ಟಳು.
ಗೆಣ್ಣಿನಿಂದ ತಟ್ಟಿದಳು, ಒಂದು ಮೊಳ ಸರಿದು ಮತ್ತೆ ತಟ್ಟಿದಳು.
ಪೊಳ್ಳು ದನಿ ಬರಲೇ ಇಲ್ಲ.
ಇಡೀ ದಿಮ್ಮಿಗಳು, ಮೇಲಿನ ಮಹಡಿಯೆಲ್ಲ ಇದರ ಹೆಗಲ ಮೇಲೆ.
ಅದನ್ನು ಹೇಳಲಿಲ್ಲ ಇನ್ನೂ.
ಕೇಳಿದಳು:
ಹಿಟ್ಟು ಹತ್ತಿದ ಬೂಟು ಎಲ್ಲಿ ಬಿಡುತ್ತೀ?
ಕಾಫಿ ಯಂತ್ರದ ಗೊರಗೊರ ಯಾರ ನಿದ್ದೆ ಕೆಡಿಸುತ್ತದೆ?
ಕತ್ತಲಲ್ಲಿ ಕೈ ಮೊದಲು ಹುಡುಕುವುದು ಏನನ್ನು?
ಸಂಸಾರದ ಗುಟ್ಟು ಕೇಳಿದಂತೆ
ಒಬ್ಬರ ಮುಖ ಒಬ್ಬರು ನೋಡಿಕೊಂಡರು.
ಪತ್ರಿಕೆಯ ಪುಟ
ಸತುವಿನ ಕೈಯಲ್ಲೇ ಮಡಿಚಿಕೊಂಡಿತು.

ನಕ್ಷೆ ನನ್ನದು. ಚೆಂದವಿತ್ತು.
ಬೂದಿನೀಲಿ ಬಣ್ಣ ಆರಿಸಿದ್ದೆ, ಅಂಗಡಿಯ ದೀಪದಡಿ.
ತುಂಡೊಂದನ್ನು ಉತ್ತರದ ಕಿಟಕಿ ಪಕ್ಕ ಅಂಟಿಸಿ
ನಾಲ್ಕು ಹೊತ್ತು ನೋಡು ಎಂದಳು.
ಕೆರೆಯ ಮೇಲಿಂದ ಬಂದ ಬೆಳಕಿಗೆ, ಮಧ್ಯಾಹ್ನ ಮೂರಕ್ಕೆ,
ಅದು ಸತ್ತ ಮೀನಿನ ಬೆನ್ನು.
ಅಕ್ಕಿ ತೊಳೆದ ನೀರಿನಂಥ ಬಿಳಿಗೆ ಬಂದು ನಿಂತೆ.

ಕಾಗದದ ಮೇಲೆ ಬಾಗಿಲು ಒಂದು ಗೆರೆ.
ಮನೆಯಲ್ಲಿ ಅದಕ್ಕೆ ಕಾಲುಚಕ್ರದಷ್ಟು ಜಾಗ ಬೇಕು,
ಅದರೊಳಗೆ ಒಬ್ಬ ಮನುಷ್ಯನಿರುತ್ತಾನೆ, ಕೈಯಲ್ಲಿ ಬಿಸಿ ಪಾತ್ರೆ.
ಇದು ನನಗೆ ಗೊತ್ತಾದದ್ದು ಬಡಗಿ ಪೆಲ್ತೊಲಾ ಫೋನು ಮಾಡಿದಾಗ:
ಫ್ರಿಜ್ಜಿನ ಬಾಗಿಲು ತೆಗೆದರೆ ಬಚ್ಚಲಿನದು ತೆರೆಯುವುದಿಲ್ಲ ತಾಯಿ,
ಒಳಗಿದ್ದವರು ಒಳಗೇ.
ರೈಲಿ ಬೈಯಲಿಲ್ಲ. ಅದೇ ಕಷ್ಟವಾಯಿತು.

ಜೂನಿನಲ್ಲಿ ಪರದೆ ಕಟ್ಟಿದೆವು.
ರಾತ್ರಿ ಹನ್ನೊಂದಾದರೂ ಮುಳುಗಲೊಲ್ಲದ ಸೂರ್ಯ,
ನಡುಹಗಲು ಕೇಳಬೇಕೇ.
ನನ್ನನ್ನು ಒಳಗೆ ಬಿಟ್ಟು ಬಾಗಿಲೆಳೆದಳು.
ಅಂಗೈ ಮುಖದೆದುರು ಹಿಡಿ. ಕಾಣುತ್ತಿದೆಯಾ?
ಕಾಣುತ್ತಿದೆ.
ಕಂಬಿಯನ್ನು ಚೌಕಟ್ಟಿನಾಚೆ ಒಂದು ಗೇಣು ಚಾಚಿದೆವು.
ಈಗ?
ಬೆರಳೆಣಿಸಬಹುದು.
ಹೊಸ್ತಿಲ ಸಂದಿಗೆ ಫೆಲ್ಟು ಬಡಿದೆವು. ಮೇಲಂಚಿಗೆ ಮರದ ಪಟ್ಟಿ.
ಸೂಜಿಯಷ್ಟು ಬೆಳಕು ಎಲ್ಲೋ ಉಳಿದಿತ್ತು,
ಬೀಗದ ಕಿಂಡಿ. ಅದಕ್ಕೂ ಒಂದು ಮುಚ್ಚಳ.
ಈಗ?
ಕೈ ಇರಲಿಲ್ಲ.
ಇದೆಯೆಂದು ನಂಬಿ ಮೂಗು ಮುಟ್ಟಿಕೊಂಡೆ.

ಆಗ ಯಾರ್ಮೊ ಬಂದ, ಎರಡು ಪಾಳಿ ಸೇರಿಸಿ ದುಡಿದವನು,
ಬಾಗಿಲ ಪಕ್ಕದ ಹೊಸ ಹಲಗೆಯ ಮೇಲೆ ಕೂತು ಬೂಟು ಕಳಚಿದ,
ಒಂದು ಸಲ ನೋಡುತ್ತೇನೆ ಎಂದು ಒಳಹೋದ.
ನಾವು ಹೊರಗೆ ನಿಂತೆವು, ತೀರ್ಪಿಗೆ ಕಾದವರಂತೆ.
ಐದು ನಿಮಿಷ. ಹತ್ತು.
ಸತು ಗೋಡೆಗೆ ಕಿವಿಯಿಟ್ಟಳು.
ಗೊರಕೆ ಎಂದಳು, ತುಟಿಯಲ್ಲೇ,
ಮತ್ತೆ, ಎಷ್ಟೋ ವರ್ಷದ ಮೇಲೆ ಇರಬೇಕು,
ಹಗಲಲ್ಲಿ ಹಿಮ್ಮಡಿಯೂರಿ ಅಡುಗೆಮನೆಗೆ ನಡೆದಳು.

ಮೆಟ್ಟಿಲಲ್ಲಿ ಬಿಲ್ಲು ಬರೆ ಎಂದಳು ರೈಲಿ.
ಬರೆದೆ. ಕಂಬಿ, ಬಟ್ಟೆ ಒಂಬತ್ತು ಮೀಟರು, ಫೆಲ್ಟು,
ಹಲಗೆ, ಬಣ್ಣ ಎರಡು ಡಬ್ಬ.
ಕತ್ತಲಿಗೆ ಎಷ್ಟು ಹಾಕಲಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.
ಫ್ರಿಜ್ಜಿನ ಕೀಲು ಬಲದಿಂದ ಎಡಕ್ಕೆ ಬದಲಿಸಿದ್ದು,
ಪೆಲ್ತೊಲಾನ ಅರ್ಧ ದಿನದ ಕೂಲಿ:
ಅದನ್ನು ಬರೆದು, ಹೊಡೆದುಹಾಕಿ,
ನನ್ನ ಲೆಕ್ಕಕ್ಕೆ ಇಳಿಸಿದೆ.